ಅಪಘಾತವಿಲ್ಲದ ದಿನಗಳು

ಜಯಶ್ರೀಯ ಬಲಗೈ ಸುಟ್ಟ ಮೂರನೇ ದಿನ ಬೆಳಿಗ್ಗೆ ಕಂಪನಿಯ ಜೀಪು ಬೇವೂರಿನ ಕೇರಿಯೊಳಗೆ ಬಂದು ಅವಳ ಮನೆಯ ಮುಂದೆ ನಿಂತಿತು. ಕೇರಿಗೆ ಜೀಪು ಬರುವುದೇ ಅಪರೂಪ, ಬಂದರೆ ಪೊಲೀಸರದ್ದು. ಸೊಸೆಯನ್ನು ನೋಡಿ ಹೋಗಲು ದೊಡ್ಡ ಮಂದಿ ಬಂದಿದ್ದಾರೆಂದು ಅತ್ತೆ ತಾಯವ್ವ ಪ್ಲಾಸ್ಟಿಕ್ ಕುರ್ಚಿ ತಂದು ಸೆರಗಿನಿಂದ ಒರೆಸಿ ಇಟ್ಟಳು. ಇಳಿದವನು ಲೈನ್ ಸೂಪರ್‌ವೈಸರ್ ಹಣಮೇಶ. ಅವನು ಕೂಡಲಿಲ್ಲ.

"ತಯಾರಾಗು. ಕಂಪನಿಗೆ ಹೋಗೂಣು," ಅಂದ.

ಜಯಶ್ರೀ ಕೈ ಮುಂದೆ ಮಾಡಿ ತೋರಿಸಿದಳು. ಮೊಣಕೈವರೆಗೆ ಬಿಳಿ ಬಟ್ಟೆ ಸುತ್ತಿತ್ತು. ಆ ಬಟ್ಟೆಯೊಳಗೆ ಬೆರಳುಗಳು ಎಲ್ಲಿವೆ ಎಂಬುದು ಅವಳಿಗೇ ತಿಳಿಯುತ್ತಿರಲಿಲ್ಲ.

"ಕೆಲಸ ಮಾಡು ಅಂತ ಯಾರ ಅಂದ್ರು? ಗೇಟಿನ್ಯಾಗ ಸುಮ್ನ ಕುಂದ್ರು. ನಿನ್ನ ಹಾಜರಿ ಬೀಳಬೇಕು, ಅಷ್ಟ."

ಸುಮ್ಮನೆ ಕೂಡಿಸಲು ಜೀಪು ಕಳಿಸುವಷ್ಟು ಕಂಪನಿಯ ಕರುಳು ಕರಗಿದ್ದು ಯಾಕೆಂದು ಅವಳಿಗೆ ಗೊತ್ತಾದದ್ದು ಗೇಟಿಗೆ ಬಂದ ಮೇಲೆ. ಗೇಟಿನ ಒಳಗೋಡೆಯ ಮೇಲೆ ಒಂದು ಹಸಿರು ಹಲಗೆ ಇತ್ತು. 'ಅಪಘಾತವಿಲ್ಲದ ದಿನಗಳು' ಎಂದು ಬರೆದು, ಕೆಳಗೆ ಮೂರು ಮೊಳೆಗೆ ಅಂಕಿ ಬರೆದ ಮೂರು ತಗಡು ನೇತುಹಾಕಿದ್ದರು. ಅವಳ ಕೈ ಸುಟ್ಟ ದಿನ ಅಲ್ಲಿ ನಾನೂರ ಹನ್ನೆರಡು ಇತ್ತು. ಈಗ ನಾನೂರ ಹದಿನಾಲ್ಕು. ಗಾಯಗೊಂಡವರು ಮೂರು ದಿನದೊಳಗೆ ತಿರುಗಿ ಹಾಜರಿ ಹಾಕಿದರೆ ಕಂಪನಿಯ ಲೆಕ್ಕದಲ್ಲಿ ಅದು ಅಪಘಾತವೇ ಅಲ್ಲ. ಹಾಜರಿ ತಪ್ಪಿದರೆ ಹಲಗೆ ಸೊನ್ನೆಗೆ ಇಳಿಯಬೇಕು. ದಿನಾ ಬೆಳಿಗ್ಗೆ ತಗಡು ಬದಲಿಸುವ ವಾಚ್‌ಮನ್ ಅಮಾತೆಪ್ಪ ಇದನ್ನೆಲ್ಲ ಹೇಳಿ, ಅವಳಿಗೆ ತನ್ನ ಸ್ಟೂಲು ಬಿಟ್ಟುಕೊಟ್ಟ.

ನವಧ್ವನಿ ಮೊಬೈಲ್ಸ್ ಎಂಬ ಆ ಕಾರ್ಖಾನೆ ಬೇವೂರು ದಾಟಿದ ಮೇಲೆ ಹುನಗುಂದದ ರಸ್ತೆಗೆ ಇದೆ. ಫೋನುಗಳ ಮೇಲೆ ಅದರ ಹೆಸರು ಇರುವುದಿಲ್ಲ. ಬೇರೆ ದೊಡ್ಡ ಕಂಪನಿಯೊಂದಕ್ಕೆ ಇವರು ಜೋಡಿಸಿ ಕೊಡುವವರು. ಇಳಕಲ್ಲಿನ ಮಗ್ಗದ ಮನೆಗಳಿಂದ, ಸುತ್ತಲಿನ ಹಳ್ಳಿಗಳಿಂದ ಹೆಣ್ಣುಮಕ್ಕಳನ್ನು ಬಸ್ಸು ತುಂಬಿ ತರುತ್ತಿದ್ದರು. ಸಣ್ಣ ಎಳೆ ಹಿಡಿಯಬಲ್ಲ ಬೆರಳು ಅವರಿಗೆ ಬೇಕಿತ್ತು. ಬೆರಳಿನ ಹಿಂದೆ ಒಂದು ಮೈ ಇರುತ್ತದೆ, ಅದಕ್ಕೆ ಕಾಲು ನೋಯುತ್ತದೆ, ಉಚ್ಚೆ ಬರುತ್ತದೆ ಎಂಬುದು ಅವರಿಗೆ ಬೇಕಿರಲಿಲ್ಲ.

ಜಯಶ್ರೀಯದು ಬ್ಯಾಟರಿ ಲೈನು. ಫೋನಿನ ಹೊಟ್ಟೆಯೊಳಗೆ ಬ್ಯಾಟರಿ ಇಟ್ಟು, ಅಂಟು ಹಿಡಿಯುವಂತೆ ಅಂಗೈಯಿಂದ ಒತ್ತಿ, ಪಕ್ಕದವಳ ಕಡೆ ಸರಿಸಬೇಕು. ಒಂದಕ್ಕೆ ಇಪ್ಪತ್ತು ಸೆಕೆಂಡು. ಪಾಳಿ ಮುಗಿಯುವ ತನಕ ನಿಂತೇ ಇರಬೇಕು. ಪಾಯಖಾನೆಗೆ ಹೋಗುವುದಾದರೆ ಕೊರಳಿಗೆ ಕೆಂಪು ಚೀಟಿ ಹಾಕಿಕೊಂಡು ಹೋಗಬೇಕು. ಇಡೀ ಲೈನಿಗೆ ಒಂದೇ ಚೀಟಿ. ಬೇರೆಯವಳು ಹಾಕಿಕೊಂಡು ಹೋಗಿದ್ದರೆ ಅವಳು ಬರುವವರೆಗೆ ತೊಡೆ ಬಿಗಿಹಿಡಿದು ಒತ್ತುತ್ತಿರಬೇಕು. ಮುಟ್ಟಾದ ದಿನವೂ ಅದೇ ಚೀಟಿ, ಅದೇ ಸರದಿ.

ಹದಿನೈದು ದಿನದಿಂದ ಬೇರೆ ಕಡೆಯ ಅಗ್ಗದ ಬ್ಯಾಟರಿ ಬರತೊಡಗಿದ್ದವು. ಒಂದು ಪೆಟ್ಟಿಗೆಯಲ್ಲಿ ನಾಲ್ಕೈದು ಉಬ್ಬಿರುತ್ತಿದ್ದವು. ಸರಿಯಾದ ಬ್ಯಾಟರಿ ಬಿಸ್ಕೀಟಿನಷ್ಟು ಚಪ್ಪಟೆ. ಉಬ್ಬಿದ್ದು ಕಣ್ಣಿಗಿಂತ ಮೊದಲು ಅಂಗೈಗೆ ತಿಳಿಯುತ್ತದೆ. ಜಯಶ್ರೀ ಅಂಥವನ್ನು ಬೇರೆ ತೆಗೆದಿಟ್ಟು ಹಣಮೇಶನನ್ನು ಕರೆದು ತೋರಿಸಿದ್ದಳು.

"ಒತ್ತು. ಕುಂದರ್ತೈತಿ," ಅಂದಿದ್ದ ಅವನು.

ಮರುದಿನ ಒತ್ತಿದಳು. 'ಸುಂಯ್' ಎಂದಿತು. ಮೊದಲು ಬಿಳಿ ಹೊಗೆ, ಬೆನ್ನಿಗೇ ಬೆಂಕಿ. ನೈಲಾನಿನ ಕೈಗವಸು ಕರಗಿ ಚರ್ಮಕ್ಕೆ ಹತ್ತಿತು. ಪಕ್ಕದಲ್ಲಿದ್ದ ಸುರೇಖಾ ಹಿಂದುಮುಂದು ನೋಡದೆ ಗವಸು ಹಿಡಿದು ಎಳೆದಳು. ಗವಸಿನ ಜೊತೆ ಅಂಗೈಯ ತೊಗಲೂ ಬಂತು. ಬಾಗಲಕೋಟೆಯ ದವಾಖಾನೆಯವರೆಗೆ ಸುರೇಖಾ ಅವಳ ಮೊಣಕೈ ಎತ್ತಿ ಹಿಡಿದುಕೊಂಡೇ ಕೂತಿದ್ದಳು, ಅವಳಿಗಿಂತ ಹೆಚ್ಚು ಅತ್ತಿದ್ದಳು.

ಗೇಟಿನಲ್ಲಿ ಕೂತ ಮೊದಲ ಮಧ್ಯಾಹ್ನವೇ ಎಚ್‌ಆರ್ ಸಾಹೇಬ ಅವಳನ್ನು ಒಳಗೆ ಕರೆಸಿದ. ಬೆಂಗಳೂರು ಕಡೆಯವನು. ದನಿ ಏರಿಸುವವನಲ್ಲ. ಅವಳಿಗೆ ಕೂಡಲು ಹೇಳಿ, ನೀರು ಬೇಕೇ ಎಂದು ಕೇಳಿ, ಮೇಜಿನ ಮೇಲಿದ್ದ ದಪ್ಪ ಕಾಗದದ ಕಟ್ಟು ತೋರಿಸಿದ.

"ನೋಡಮ್ಮ, ನಮ್ಮ ಕಂಪನಿ ಷೇರು ಮಾರೋಕೆ ಹೊರಟಿದೆ. ದುಡ್ಡು ಹಾಕೋ ಜನಕ್ಕೆ ಕಂಪನಿಗೆ ಏನೇನು ಅಪಾಯ ಇದೆ ಅಂತ ಮೊದಲೇ ಬರೆದು ಕೊಡಬೇಕು. ಅದೇ ಈ ಪುಸ್ತಕ. ಚೈನಾದಿಂದ ಸಾಮಾನು ನಿಂತರೆ ಅಪಾಯ. ಡಾಲರ್ ಏರಿದರೆ ಅಪಾಯ. ನಮ್ಮ ಹತ್ತಿರ ಫೋನ್ ಮಾಡಿಸೋ ದೊಡ್ಡ ಕಂಪನಿ ಬಿಟ್ಟು ಹೋದರೆ ಎಲ್ಲಕ್ಕಿಂತ ದೊಡ್ಡ ಅಪಾಯ. ಅವರ ತಪಾಸಣೆಯವರು ಮುಂದಿನ ವಾರ ಬರ್ತಾರೆ. ಅವರು ಹೋದರೆ ಈ ಗೇಟಿಗೆ ಬೀಗ. ಸಾವಿರ ಜನ ಮನೆಗೆ."

"ಕೈ ಸುಡೂದು ಅದರಾಗ ಬರದೀರೇನ್ರಿ?" ಎಂದು ಕೇಳಿದಳು ಜಯಶ್ರೀ.

ಅವನು ಹಾಳೆ ತಿರುವಿದ. ನೂರಾರು ಸಾಲುಗಳ ನಡುವೆ ಎಲ್ಲೋ ಒಂದು ಕಡೆ ಬೆರಳಿಟ್ಟ. "ಕಾರ್ಮಿಕರಿಂದ ಆಗಬಹುದಾದ ತೊಂದರೆ ಅಂತ ಇದೆ ನೋಡು."

ಕಾರ್ಮಿಕರಿಗೆ ಆಗುವ ತೊಂದರೆಗೆ ಆ ಪುಸ್ತಕದಲ್ಲಿ ಜಾಗವಿರಲಿಲ್ಲ. ಕಂಪನಿಗೆ ಅಪಾಯ ಯಾವುದೆಂದರೆ ಅವಳೇ. ಅವಳಿಗೆ ಸಿಟ್ಟು ಬಂತು. ಬಡಿದುಕೊಳ್ಳುತ್ತಿದ್ದ ಕೈಯನ್ನು ಮೇಲೆತ್ತಿ ಹಿಡಿದಳು.

ಅವನು ಆಮೇಲೆ ಅವಳ ಹೇಳಿಕೆಯೆಂದು ಬರೆಸಿಟ್ಟ ಒಂದು ಹಾಳೆ ಓದಿ ಹೇಳಿದ. ಸುರೇಖಾ ಎಂಬವಳು ನಿಯಮ ಮೀರಿ ಕೈಗೆ ಉಣ್ಣೆಯ ದಾರ ಕಟ್ಟಿಕೊಂಡು ಕೆಲಸಕ್ಕೆ ಬಂದಿದ್ದಳು. ಉಣ್ಣೆಯಿಂದ ಕಿಡಿ ಹುಟ್ಟಿ ಬ್ಯಾಟರಿ ಹೊತ್ತಿಕೊಂಡಿತು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಂಪನಿಯವರು ಗೇಟಿನಲ್ಲಿ ದಿನವೂ ಎಲ್ಲರನ್ನೂ ಪರೀಕ್ಷಿಸಿಯೇ ಒಳಗೆ ಬಿಡುತ್ತಾರೆ. ಕಂಪನಿಯದು ಏನೂ ತಪ್ಪಿಲ್ಲ.

"ಸಹಿ ಮಾಡಿದರೆ ಗೇಟಿನ ಕೆಲಸ ನಿನಗೆ ಕಾಯಂ. ಕೂತು ಮಾಡೋ ಕೆಲಸ. ಒಂದು ಕೈ ಇದ್ದರೂ ಸಾಕು. ತಪಾಸಣೆಯವರು ಬರೋ ದಿನದವರೆಗೆ ಟೈಮ್ ತಗೋ."

"ಸುರೇಖಾಂದು?"

"ಅವಳ ಮೇಲೆ ಕೇಸ್ ಹಾಕ್ತೀವಿ. ಬೆಂಕಿ ಹಚ್ಚಿದವಳು ಅವಳು ತಾನೇ?"

ಉಣ್ಣೆಯ ದಾರದ ಮಾತು ಸುಳ್ಳಲ್ಲ. ಸುರೇಖಾ ಬೀರಪ್ಪನ ಒಕ್ಕಲಿನ ಮನೆಯವಳು. ಆ ಮನೆತನದಲ್ಲಿ ಮದುವೆಯ ದಿನ ಗಂಡು ಹೆಣ್ಣು ಇಬ್ಬರ ಮುಂಗೈಗೂ ಕುರಿಯ ಕರಿ ಉಣ್ಣೆ ಹೊಸೆದ ಕಂಕಣ ಕಟ್ಟುತ್ತಾರೆ. ಒಂಬತ್ತನೇ ದಿನ ಬೀರಪ್ಪನ ಗುಡಿಯಲ್ಲಿ ಹಿರಿಯರ ಮುಂದೆ ಬಿಚ್ಚಬೇಕು. ಮೊದಲೇ ಬಿಚ್ಚಿದರೆ ಗಂಡನಿಗೆ ಕೇಡು ಎಂಬ ಹೆದರಿಕೆ. ಸುರೇಖಾ ಒಂಬತ್ತು ದಿನ ರಜೆ ಕೇಳಿದ್ದಳು; ಕಂಪನಿ ಕೊಟ್ಟದ್ದು ನಾಲ್ಕು. ಐದನೇ ದಿನ ಅವಳು ಕಂಕಣವನ್ನು ಮೊಣಕೈ ಕಡೆ ಏರಿಸಿ, ಮೇಲೆ ಅಂಗಿಯ ತೋಳು ಎಳೆದುಕೊಂಡು ಲೈನಿನಲ್ಲಿ ನಿಂತಳು. ಆರನೇ ದಿನ ಬೆಂಕಿ ಹತ್ತಿತು. ಕಂಬಳಿ ಒದರಿದಾಗ ಚಿಟಪಟ ಅನ್ನುವ ಕಿಡಿಯನ್ನು ಹುಟ್ಟಿನಿಂದ ಕಂಡವಳು ಅವಳು. ತನ್ನಿಂದಲೇ ಆಯಿತೆಂದು ಅವಳೂ ನಂಬಿ, ಅಳುತ್ತ ಹೇಳಿಬಿಟ್ಟಿದ್ದಳು. ಅವಳನ್ನು ಅಂದೇ ಮನೆಗೆ ಕಳಿಸಿದ್ದರು.

ಆ ಕಂಕಣ ಕಟ್ಟಿದ ಮದುವೆಗೆ ಜಯಶ್ರೀ ಸ್ಟೀಲಿನ ಕೊಡ ಹಿಡಿದುಕೊಂಡು ಹೋಗಿದ್ದಳು. ಎರಡು ವರ್ಷ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತು, ಒಂದೇ ಕೆಂಪು ಚೀಟಿಗೆ ಕಾದವರು ಅವರು. ಲೈನಿನ ಗೆಳತಿಯರೆಲ್ಲ ಚಪ್ಪರದಡಿ ಸಾಲಾಗಿ ಉಣ್ಣಲು ಕೂತರು. ಜಯಶ್ರೀಯೂ ಕೂತಳು. ಸುರೇಖಾಳ ಅತ್ತೆ ಸೋಮವ್ವ ಹತ್ತಿರ ಬಂದು ಮೆಲ್ಲಗೆ, "ನೀ ಈ ಕಡೆ ಬಾರವ್ವ ಮಗಳ," ಅಂದಳು. ಮಗಳ ಎಂದೇ ಕರೆದು ಕುರಿ ಹಟ್ಟಿಯ ಹಿಂದೆ, ಹಲಗೆ ಬಾರಿಸುವವರ ಪಕ್ಕ, ಹಳೆಯ ಪೇಪರಿನ ಮೇಲೆ ಕೂಡಿಸಿದಳು. ನೀರು ಕೇಳಿದಾಗ ತಂಬಿಗೆಯನ್ನು ಮೊಳದೆತ್ತರ ಹಿಡಿದು ಬೊಗಸೆಗೆ ಸುರಿದಳು. ಅರಿಸಿನದ ಸೀರೆಯಲ್ಲಿದ್ದ ಸುರೇಖಾ ದೂರದಿಂದ ಇದನ್ನು ನೋಡಿದಳು. ನೋಡಿ ತಲೆ ತಗ್ಗಿಸಿದಳು. ಲೈನಿಗೆ ತಿರುಗಿ ಬಂದ ಮೇಲೂ ಆ ಮಾತು ಎತ್ತಲಿಲ್ಲ.

ತಾಯವ್ವನಿಗೂ ಇದು ಗೊತ್ತಿತ್ತು. ಸಂಜೆ ಸೊಸೆಗೆ ತುತ್ತು ಮಾಡಿ ಉಣಿಸುತ್ತ ಹೇಳಿದಳು.

"ಹಾಕಿ ಒಗಿ ಸಹಿ. ಅಕಿ ನಿನಗೇನ ಆಗಬೇಕು? ಹಟ್ಟಿ ಹಿಂದ ಕುಂಡ್ರಿಸಿದ್ದು ಮರತೆನು? ಈ ಕೈಲೆ ಇನ್ನ ಕಳೇ ತಗೀತಿ, ಹತ್ತಿ ಬಿಡಸ್ತಿ? ಗಂಡ ಇಳಕಲ್ಲಿನ ಖಣಿಯೊಳಗ ಕಲ್ಲ ಒಡದು ಒಡದು ಕೆಮ್ಮಾಕತ್ಯಾನ. ನಾಳೆ ಯಾರ ದುಡದ ಹಾಕವರು?"

"ದಾರದಿಂದ ಬೆಂಕಿ ಹತ್ತಿಲ್ಲ, ಅತ್ತಿ. ಬ್ಯಾಟರಿ ಉಬ್ಬಿತ್ತು."

"ಉಬ್ಬಿದ್ದ ನಿನಗ ಗೊತ್ತು. ಅವರಿಗೆ ಬೇಕಾದ್ದ ಕಾಗದದಾಗ ಐತಿ."

ನಿಜ ಹೇಳಬೇಕೆಂದರೆ ಜಯಶ್ರೀಗೂ ಸಹಿ ಹಾಕಬೇಕೆನಿಸಿತ್ತು. ಸೋಮವ್ವ ಪೊಲೀಸ್ ಸ್ಟೇಷನ್ನಿನ ಕಟ್ಟೆಯ ಕೆಳಗೆ ಕುಕ್ಕುರುಗಾಲಲ್ಲಿ ಕೂತದ್ದನ್ನು ಅವಳು ಮನಸ್ಸಿನಲ್ಲೇ ನಾಲ್ಕು ಸಲ ನೋಡಿದಳು. ನೋಡಲು ಹಿತವಾಗಿಯೇ ಇತ್ತು.

ಗೇಟಿನಲ್ಲಿ ಅವಳಿಗೆ ಕೊಟ್ಟ ಕೆಲಸ ಒಂದು ಯಂತ್ರ ನೋಡಿಕೊಳ್ಳುವುದು. ಒಳಗೆ ಹೋಗುವವರು ಲೋಹದ ಹಲಗೆಯ ಮೇಲೆ ನಿಂತು ಗುಂಡಿ ಒತ್ತಬೇಕು. ಮೈಯೊಳಗಿನ ಕಿಡಿ ಸರಿಯಾಗಿ ನೆಲಕ್ಕೆ ಇಳಿಯುತ್ತಿದ್ದರೆ ಹಸಿರು ದೀಪ, ಇಲ್ಲವಾದರೆ ಕೆಂಪು. ಕೆಂಪು ಬಂದವರನ್ನು ತಡೆಯಬೇಕು. ನಾಲ್ಕು ದಿನ ಕೂತರೂ ಅವಳು ಒಂದು ಕೆಂಪು ದೀಪವನ್ನೂ ನೋಡಲಿಲ್ಲ.

ಐದನೇ ದಿನ ಸುರೇಖಾಳ ಮಾವ ಮಾಳಪ್ಪ ಬಂದ. ಸೊಸೆಯ ಸಲುವಾಗಿ ಸಾಹೇಬರ ಕಾಲು ಹಿಡಿಯಲು ಬಂದವನು. ಹೆಗಲ ಮೇಲೆ ಕರಿ ಕಂಬಳಿ, ಕಾಲಲ್ಲಿ ಟೈರಿನ ಚಪ್ಪಲಿ. ಒಳಗೆ ಬಿಡಲಿಲ್ಲ. ಎರಡು ತಾಸು ಬಿಸಿಲಲ್ಲಿ ನಿಂತು ಕಾಲು ಸೋತು, ನೆರಳಿಗೆಂದು ಯಂತ್ರದ ಹಲಗೆಯ ಮೇಲೆ ಹತ್ತಿ, ಆಸರೆಗೆ ಕೈ ಊರಿದ. ಕೈ ಗುಂಡಿಯ ಮೇಲೆ ಬಿತ್ತು. ಹಸಿರು ದೀಪ ಹತ್ತಿತು.

ಕಿಡಿಯನ್ನು ನೆಲಕ್ಕೆ ಬಿಡದ ಟೈರಿನ ಚಪ್ಪಲಿ ಮೆಟ್ಟಿ, ಮೈತುಂಬ ಉಣ್ಣೆ ಹೊದ್ದವನಿಗೆ ಹಸಿರು ದೀಪ. ಜಯಶ್ರೀ ಎದ್ದು ನಿಂತಳು. ಮುದುಕ ಹೋದ ಮೇಲೆ ಮೂಲೆಯ ಪೊರಕೆ ತೆಗೆದು, ಹಲಗೆಯ ಮೇಲೆ ಯಾರೂ ಇಲ್ಲದಾಗ, ಅದರ ಕಟ್ಟಿಗೆಯ ಹಿಡಿಯಿಂದ ಗುಂಡಿ ಒತ್ತಿದಳು. ಹಸಿರು.

"ಏನ್ ಕಾಕಾ ಇದು?" ಎಂದು ಅಮಾತೆಪ್ಪನನ್ನು ಕೇಳಿದಳು.

ಅವನು ಆಚೀಚೆ ನೋಡಿದ. "ಅದರ ವೈರ್ ಕಿತ್ತು ಎರಡ ತಿಂಗಳಾತವ್ವ. ಕೆಂಪ ದೀಪ ಬಂದ್ರ ಮಂದಿ ನಿಲ್ಲತಿದ್ರು, ಲೈನ್ ತಡಾ ಆಗತಿತ್ತು. ಹಣಮೇಶಪ್ಪ ತಾನ ಹಸರ ದೀಪ ಅಷ್ಟ ಹತ್ತೂವಂಗ ಜೋಡಿಸ್ಯಾನ. ನೀ ನೋಡಿದ್ದು ನೋಡಿಲ್ಲ ಅನ್ನು."

ಅವಳು ಸ್ಟೂಲಿನ ಮೇಲೆ ಕೂತಳು. ತನ್ನನ್ನು ಕಾಯಂ ಮಾಡುತ್ತೇವೆ ಎಂದ ಕೆಲಸ ಇದು. ಪೊರಕೆಗೂ ಮನುಷ್ಯರಿಗೂ ಹಸಿರು ತೋರಿಸುವ ಯಂತ್ರದ ಪಕ್ಕ, ಎಲ್ಲ ಸರಿಯಿದೆ ಎಂದು ಮುದುಕಿಯಾಗುವ ತನಕ ಹೇಳುತ್ತ ಕೂಡುವುದು. ಸುಟ್ಟ ಕೈಯನ್ನು ಹೀಗೇ ತೊಡೆಯ ಮೇಲೆ ಇಟ್ಟುಕೊಂಡು. ಅವಳಿಗೆ ಹೇಸಿಗೆಯಾಯಿತು.

ತಪಾಸಣೆಯವರು ಬರುವ ದಿನ ಬೆಳಿಗ್ಗೆ ಎಚ್‌ಆರ್ ಸಾಹೇಬ ಕರೆಸಿದ. ಹಣಮೇಶನೂ ಇದ್ದ. ಮೇಜಿನ ಮೇಲೆ ಅದೇ ಹಾಳೆ, ಪಕ್ಕದಲ್ಲಿ ಶಾಯಿಯ ಡಬ್ಬಿ.

"ಎಡಗೈ ಹೆಬ್ಬೆಟ್ಟು ಸಾಕು," ಅಂದ ಸಾಹೇಬ.

ಜಯಶ್ರೀ ಶಾಯಿಯ ಡಬ್ಬಿ ನೋಡಿದಳು. "ನಾ ಎಸ್ಸೆಸ್ಸೆಲ್ಸಿ ಪಾಸಾಗೇನ್ರಿ. ಕೆಲಸಕ್ಕ ತಗೊಳ್ಳುವಾಗ ಮಾರ್ಕ್ಸ್ ಕಾರ್ಡ್ ನೀವ ಇಸಗೊಂಡೀರಿ. ಹೆಬ್ಬೆಟ್ಟ ಯಾಕ?"

"ಬಲಗೈಗೆ ನೋವಾಗಿದೆಯಲ್ಲಮ್ಮ, ಅದಕ್ಕೆ."

"ಇಷ್ಟ ದಿನ ಗಾಯ ಆಗಿಲ್ಲ ಅಂತಿದ್ರಿ. ಹಲಗಿ ಮ್ಯಾಲ ನಾನೂರಾ ಇಪ್ಪತ್ತ ದಾಟೇತಿ."

ಹಣಮೇಶ ಹತ್ತಿರ ಬಂದು ಬಗ್ಗಿದ. "ಏ ಜಯಶ್ರೀ, ಶಾಣ್ಯಾಕಿ ಆಗಬ್ಯಾಡ. ಒತ್ತ ಅಂದಿದ್ದು ಒತ್ತು."

ಬ್ಯಾಟರಿಯ ಮುಂದೆ ಹೇಳಿದ ಅದೇ ಮಾತು. ಅದೇ ದನಿ.

"ಅವತ್ತ ನೀ ಒತ್ತ ಅಂದಿ, ಒತ್ತಿದೆ. ಏನಾತಂತ ಕಣ್ಣಿಲೆ ನೋಡೀಯಿಲ್ಲ?" ಎಂದಳು. ಆಮೇಲೆ ಸಾಹೇಬನ ಕಡೆ ತಿರುಗಿದಳು. "ಗೇಟಿನ್ಯಾಗ ದಿನಾ ಪರೀಕ್ಷಾ ಮಾಡ್ತೇವಂತ ಬರದೀರಿ. ಆ ಮಶೀನಿಗೆ ನಾ ಪೊರಕಿ ಹಿಡದೆ. ಪೊರಕಿನೂ ಪಾಸಾತ್ರಿ."

ಸಾಹೇಬ ಹಣಮೇಶನ ಮುಖ ನೋಡಿದ. ಹಣಮೇಶ ನೆಲ ನೋಡಿದ.

"ಜಯಶ್ರೀ," ಎಂದ ಸಾಹೇಬ, ಈಗಲೂ ಮೆತ್ತಗೆ. "ನಿನ್ನ ಕೈ ಇನ್ನು ಯಾವ ಕೆಲಸಕ್ಕೂ ಬರಲ್ಲ. ಯೋಚನೆ ಮಾಡು."

ಅವಳು ಮೇಜಿನ ಮೇಲಿದ್ದ ಪೆನ್ನು ಎಡಗೈಯಲ್ಲಿ ತೆಗೆದುಕೊಂಡಳು. ಎಡಗೈಯಲ್ಲಿ ಅವಳು ಎಂದೂ ಬರೆದವಳಲ್ಲ. ಪೆನ್ನು ಜಾರಿತು. ಹಾಳೆ ಸರಿಯದಂತೆ ಸುತ್ತಿದ ಬಲಗೈಯನ್ನು ಅದರ ಮೇಲೆ ಇಟ್ಟು ಒತ್ತಿದಳು. ನೋವು ಭುಜದವರೆಗೆ ಏರಿತು. ಹಾಳೆಯ ಕೆಳಗಿನ ಖಾಲಿ ಜಾಗದಲ್ಲಿ ವಂಕಿಟಿಂಕಿ ದೊಡ್ಡ ಅಕ್ಷರದಲ್ಲಿ 'ಬ್ಯಾಟರಿ ಉಬ್ಬಿತ್ತು' ಎಂದು ಬರೆದಳು. ಕೆಳಗೆ ತನ್ನ ಹೆಸರು. ಅಷ್ಟಕ್ಕೇ ಬೆವರು ಕಿತ್ತು ಬಂದಿತ್ತು.

ಸಾಹೇಬ ಹಾಳೆ ತೆಗೆದುಕೊಂಡು ಓದಿದ. ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಿದ. "ಇವತ್ತಿಂದ ಬರಬೇಡ," ಅಂದ.

ಗೇಟಿಗೆ ಬಂದಾಗ ಅಮಾತೆಪ್ಪ ಹೊರಗೆ ತಪಾಸಣೆಯವರ ಕಾರಿಗೆ ಜಾಗ ಮಾಡುತ್ತಿದ್ದ. ಜಯಶ್ರೀ ಹಸಿರು ಹಲಗೆಯ ಮೂರು ತಗಡುಗಳನ್ನು ಒಂದೊಂದಾಗಿ ಎಡಗೈಯಿಂದ ಕಿತ್ತು ಕೆಳಗೆ ಹಾಕಿದಳು. ಹಲಗೆಯ ಕೆಳಗಿನ ಡಬ್ಬಿ ಹುಡುಕಿ, ಸೊನ್ನೆಯ ತಗಡು ತೆಗೆದು ನಡುವಿನ ಮೊಳೆಗೆ ತೂಗುಹಾಕಿದಳು. ಕಾರಿನವರು ನೋಡಲಿ ಎಂದು ಅವಳ ಆಸೆ. ಅವಳು ಬಸ್ ಸ್ಟಾಪು ಮುಟ್ಟುವಷ್ಟರಲ್ಲಿ ಹಣಮೇಶ ಓಡಿಬಂದು ನಾನೂರ ಇಪ್ಪತ್ತೆರಡನ್ನು ತಿರುಗಿ ಜೋಡಿಸಿದ್ದ. ತಪಾಸಣೆಯವರು ಬಂದರು, ಹಲಗೆಯ ಮುಂದೆ ನಿಂತು ಫೋಟೊ ತೆಗೆಸಿಕೊಂಡರು, ಗೋಡಂಬಿ ತಿಂದು ಹೋದರು. ಅಮಾತೆಪ್ಪ ಮರುದಿನ ಇದನ್ನೆಲ್ಲ ಹೇಳಿಕಳಿಸಿದ.

ಕಣ್ಣಾರೆ ಕಂಡವರ ಸಹಿ ಸಿಗದ್ದರಿಂದ ಸುರೇಖಾಳ ಮೇಲೆ ಕೇಸು ಹಾಕಲಾಗಲಿಲ್ಲ. ಲೈನಿನಲ್ಲಿ ಇಬ್ಬರು ಕಡಿಮೆಯಾಗಿದ್ದರು, ಆರ್ಡರು ಮೈಮೇಲೆ ಇತ್ತು. ಸುರೇಖಾಳನ್ನು ತಿರುಗಿ ಕರೆದರು. ಜಯಶ್ರೀ ನಿಲ್ಲುತ್ತಿದ್ದ ಜಾಗದಲ್ಲಿ ನಿಲ್ಲಿಸಿ ಬ್ಯಾಟರಿ ಒತ್ತಲು ಹಚ್ಚಿದರು.

ಮುಂದಿನ ಸೋಮವಾರ ಸಂಜೆ ಪಾಳಿ ಮುಗಿಸಿ ಸುರೇಖಾ ಕೇರಿಗೆ ಬಂದಳು. ಜೊತೆಗೆ ಸೋಮವ್ವ, ಕೈಯಲ್ಲಿ ಹಾಲಿನ ತಂಬಿಗೆ. ಸೋಮವ್ವ ಕೇರಿಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಅಂಗಳದ ಗಟಾರದ ಆಚೆಯೇ ನಿಂತಳು. ತಂಬಿಗೆಯನ್ನು ಈಚೆ ಕಲ್ಲಿನ ಮೇಲೆ ಇಟ್ಟು ಹಿಂದೆ ಸರಿದಳು.

"ನಮ್ಮ ಮನಿ ಉಳಿಸಿದಿ ಮಗಳ. ಬೀರಪ್ಪ ನಿನ್ನ ಹೊಟ್ಟಿ ತಣ್ಣಗ ಇಡಲಿ. ಇವತ್ತಿನ ಹಾಲು, ನೀರ ಹಾಕಿಲ್ಲ."

ಸೋಮವ್ವನ ಕಣ್ಣಲ್ಲಿ ನೀರಿತ್ತು. ಅದು ನಾಟಕವಲ್ಲ, ಜಯಶ್ರೀಗೆ ಗೊತ್ತಾಯಿತು. ತಾಯವ್ವ ಒಳಗಿನಿಂದ ಎರಡು ಕಪ್ ಚಹಾ ತಂದಳು.

"ಒಳಗ ಬರ್ರಿ. ಚಾ ತಗೋರಿ," ಎಂದಳು ಜಯಶ್ರೀ.

"ಇವತ್ತ ಸೋಮಾರಲ್ಲವಾ, ಉಪಾಸ ಐತಿ," ಅಂದಳು ಸೋಮವ್ವ.

"ಸುರೇಖಾಂದೂ ಉಪಾಸೇನ್ರಿ?"

"ಹೌದ, ಇಬ್ಬರದೂ."

ಸುರೇಖಾಳ ಹೆಗಲಿಗೆ ಊಟದ ಡಬ್ಬಿಯ ಚೀಲ ಇನ್ನೂ ಇತ್ತು. ಅವಳು ಅದನ್ನು ಬೆನ್ನ ಹಿಂದೆ ಸರಿಸಿದಾಗ ಖಾಲಿ ಡಬ್ಬಿಯೊಳಗೆ ಚಮಚ ಸದ್ದು ಮಾಡಿತು. ಅವಳು ಮದುವೆಯ ದಿನದಂತೆಯೇ ತಲೆ ತಗ್ಗಿಸಿದಳು. ತಾಯವ್ವ ಚಹಾದ ಕಪ್ಪುಗಳನ್ನು ಹಿಡಿದುಕೊಂಡು ಎಲ್ಲಿ ಇಡಬೇಕೆಂದು ತಿಳಿಯದೆ ನಿಂತಿದ್ದಳು.

"ಸುರೇಖಾ," ಎಂದಳು ಜಯಶ್ರೀ, "ನಾ ನಿನ್ನ ಸಲುವಾಗಿ ಆ ಕಾಗದ ಬಿಟ್ಟಿಲ್ಲ. ಸುಳ್ಳ ಇತ್ತು, ಅದಕ್ಕ ಬಿಟ್ಟೆ. ಇದೂ ಸುಳ್ಳ ಐತಿ. ಹಾಲು ತಗೊಂಡ ಹೋಗ್ರಿ."

"ಕೊಟ್ಟ ಹಾಲು ತಿರುಗಿ ಒಯ್ಯಬಾರದವ್ವ," ಅಂದಳು ಸೋಮವ್ವ.

ಜಯಶ್ರೀ ಕಲ್ಲಿನ ಹತ್ತಿರ ಹೋಗಿ ತಂಬಿಗೆಯನ್ನು ಎಡಗೈಯಲ್ಲಿ ಎತ್ತಿದಳು. ಗಟಾರ ದಾಟಿ ಸೋಮವ್ವನ ಎದುರು ನಿಂತು ಕೈ ಚಾಚಿದಳು. ಸೋಮವ್ವ ತಂಬಿಗೆ ನೋಡಿದಳು, ಅದನ್ನು ಹಿಡಿದ ಬೆರಳುಗಳನ್ನು ನೋಡಿದಳು. ಅವಳ ಕೈ ಮೇಲೇಳಲಿಲ್ಲ. ಸುರೇಖಾ ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಅಕ್ಕಪಕ್ಕದ ಮನೆಗಳವರು ಬಾಗಿಲಿಗೆ ಬಂದು ನಿಂತರು.

ತುಂಬಿದ ತಂಬಿಗೆ ಭಾರವಾಗಿತ್ತು. ಹಾಲು ಅವಳ ಎಡಗೈ ಮೇಲೆ ತುಳುಕಿತು.

"ಹಿಡೀರಿ," ಎಂದಳು ಜಯಶ್ರೀ. ಅವಳು ಅದನ್ನು ಕೆಳಗಿಡಲಿಲ್ಲ.